ಅಮಾವಾಸ್ಯೆಗೆ ನಿಂತ ಯಂತ್ರಗಳು

ದೇವಿಂದ್ರಪ್ಪ ತಂದೆ ಮರೆಪ್ಪ ನಾಟೇಕಾರ, ವಯಸ್ಸು ಅರವತ್ತೊಂದು, ಹುಟ್ಟಿದ್ದು ವಡಗೇರಾದಲ್ಲಿ, ಬದುಕಿದ್ದು ಶಹಾಪುರದಲ್ಲಿ. ಹೆಂಡತಿ ಸುಂದ್ರಮ್ಮ. ಒಬ್ಬಳೇ ಮಗಳು ಮಲ್ಲೇಶ್ವರಿ, ಸುರಪುರಕ್ಕೆ ಕೊಟ್ಟಿದ್ದು, ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ. ಅವಳಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ವರ್ಷ ತುಂಬುವ ಮುನ್ನವೇ ತೀರಿಕೊಂಡಿದ್ದರು. ಅವರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಭೀಮರಾಯನಗುಡಿಯ ದಾರಿಯಲ್ಲಿ, ಕಾಲುವೆ ದಾಟುವ ಮೊದಲು ಎಡಕ್ಕೆ ಸಿಗುವ ಹತ್ತಿ ಗಿರಣಿಗೆ ದೇವಿಂದ್ರಪ್ಪ ಹದಿನೇಳನೆಯ ವಯಸ್ಸಿನಲ್ಲಿ ಹಮಾಲನಾಗಿ ಬಂದ. ಚೀಲ ಹೊರುವ ಬಿಡುವಿನಲ್ಲಿ ಫಿಟ್ಟರನ ಕೈಯನ್ನು ನೋಡಿ ನೋಡಿಯೇ ಕೆಲಸ ಕಲಿತ. ಇಪ್ಪತ್ತಾರು ತುಂಬುವಷ್ಟರಲ್ಲಿ ಗಿರಣಿಯ ಇಪ್ಪತ್ನಾಲ್ಕು ಜಿನ್ನುಗಳೂ ಅವನ ವಶಕ್ಕೆ ಬಂದವು. ಹೊಲದಿಂದ ಬಂದ ಹತ್ತಿಯಲ್ಲಿ ಕಾಳನ್ನು ಕೆಳಕ್ಕೆ ಕೆಡವಿ ಅರಳೆಯನ್ನು ಮುಂದಕ್ಕೆ ಉಗುಳುವ ಯಂತ್ರಗಳವು. ಚರ್ಮದ ರೋಲರಿಗೂ ಅದರ ಮೇಲೆ ಕೂರುವ ಚಾಕುವಿಗೂ ನಡುವೆ ಎಷ್ಟು ಸಂದು ಇರಬೇಕೆಂಬುದನ್ನು ಬೇರೆ ಫಿಟ್ಟರುಗಳು ಅಳತೆಪಟ್ಟಿ ಇಟ್ಟು ನೋಡುವರು. ದೇವಿಂದ್ರಪ್ಪ ಹೆಬ್ಬೆರಳಿನ ಉಗುರು ತೂರಿಸಿ ನೋಡುತ್ತಿದ್ದ.

ಆ ಗಿರಣಿಗೊಂದು ನೇಮವಿತ್ತು. ಎಂಥ ಸುಗ್ಗಿಯೇ ಇರಲಿ, ಗೇಟಿನ ಹೊರಗೆ ಎಷ್ಟೇ ಬಂಡಿ ನಿಂತಿರಲಿ, ಅಮಾವಾಸ್ಯೆಯ ದಿನ ಯಂತ್ರ ತಿರುಗುತ್ತಿರಲಿಲ್ಲ. ಎತ್ತಿನ ಹೆಗಲಿಗೆ ನೊಗವಿಡದ ದಿನ ಕಬ್ಬಿಣದ ಮೈಗೂ ವಿಶ್ರಾಂತಿ ಕೊಡಬೇಕೆಂಬುದು ಹಳೆಯ ಮಾಲಕರ ಕಾಲದಿಂದ ನಡೆದುಬಂದ ಮಾತು. ಬೆಳಿಗ್ಗೆ ದೇವಿಂದ್ರಪ್ಪ ಮಾಲಕ ಸಂಗಣ್ಣ ಸಾವುಕಾರನನ್ನು ಕೇಳುವನು, ಸಾವುಕಾರ ಹೂಂ ಎನ್ನುವನು, ಜಿನ್ನುಗಳ ಧೂಳು ಒರೆಸಿ ವಿಭೂತಿ ಹಚ್ಚಿ ಕಾಯಿ ಒಡೆಯುವರು. ಕೇಳುವುದೂ ಒಪ್ಪುವುದೂ ಬರೀ ರೂಢಿ. ಇಬ್ಬರೂ ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ.

ಊರಾಚೆ ದೊಡ್ಡ ಗಿರಣಿಗಳು ಎದ್ದ ಮೇಲೆ ಬಂಡಿಗಳೆಲ್ಲ ಅತ್ತ ತಿರುಗಿದವು. ಮೂರು ಸುಗ್ಗಿ ಈ ಗಿರಣಿ ಓಡಲಿಲ್ಲ. ಜಿನ್ನಿಗೆ ಹತ್ತಿ ಹಾಕುತ್ತಿದ್ದ ಹೆಣ್ಣಾಳುಗಳು ಬೇರೆ ಕೆಲಸ ನೋಡಿಕೊಂಡರು. ದೇವಿಂದ್ರಪ್ಪ ಮಾತ್ರ ಆವರಣದ ಎರಡು ಕೋಣೆಗಳಲ್ಲಿ ಹೆಂಡತಿಯೊಡನೆ ಉಳಿದು, ವಾರಕ್ಕೊಮ್ಮೆ ಪ್ರತಿಯೊಂದು ಜಿನ್ನಿನ ಶಾಫ್ಟನ್ನು ಕೈಯಿಂದಲೇ ತಿರುಗಿಸಿ ಎಣ್ಣೆ ಬಿಡುತ್ತಿದ್ದ.

ದೀಪಾವಳಿಯ ಮರುವಾರ ಹೈದರಾಬಾದಿನ ಕಂಪನಿಯೊಂದರ ಲಾರಿಗಳು ಬಂದವು. ಅವುಗಳಲ್ಲಿ ಬೂಟಿನ ಡಬ್ಬಿಗಿಂತ ಕೊಂಚ ದೊಡ್ಡದಾದ ಮುನ್ನೂರು ಯಂತ್ರಗಳಿದ್ದವು. ಜಿನ್ನುಗಳನ್ನು ಷೆಡ್ಡಿನ ಹಿಂಭಾಗಕ್ಕೆ ಸರಿಸಿ ತಾಡಪತ್ರೆ ಹೊದಿಸಿ, ಮುಂದಿನ ಅರ್ಧದಲ್ಲಿ ಕಬ್ಬಿಣದ ಕಪಾಟುಗಳನ್ನು ನಿಲ್ಲಿಸಿ ಈ ಯಂತ್ರಗಳನ್ನು ಜೋಡಿಸಿದರು. ನೋಡಿಕೊಳ್ಳಲು ಕಂಪನಿ ನೇಮಿಸಿದವನು ಸುರಪುರದ ಶರಣಕುಮಾರ, ನಲವತ್ತರ ಹತ್ತಿರದ ಮೃದು ಮಾತಿನ ಮನುಷ್ಯ.

"ಇವು ಏನ್ ಮಾಡ್ತಾವ್ರಿ ಸಾಹೇಬ್ರ?" ಎಂದು ದೇವಿಂದ್ರಪ್ಪ ಮೊದಲ ದಿನವೇ ಕೇಳಿದ.

"ಲೆಕ್ಕ ಬಿಡಸ್ತಾವ್ರಿ ಅಣ್ಣಾವ್ರ. ಹಗಲಿ ರಾತ್ರಿ ಅದೇ ಕೆಲಸ. ಲೆಕ್ಕ ಕೂಡಿ ಬಂದ್ರ ಕಂಪ್ಯೂಟರಿನಾಗ ನಾಣ್ಯ ಹುಟ್ಟತದ."

"ಹತ್ತಿ ಹಾಕಿದ್ರ ಅರಳಿ ಬರ್ತದ. ಇದಕ್ಕ ಏನ್ ಹಾಕ್ತೀರಿ?"

"ಕರೆಂಟ್."

"ಬರೂದೇನು?"

"ಕಣ್ಣಿಗಿ ಕಾಣೂದು ಕೇಳಿದ್ರ ಏನೂ ಇಲ್ಲ. ಮೈಗಿ ತಾಗೂದಂದ್ರ ಬಿಸಿ ಗಾಳಿ."

ಬಾಗಿಲಲ್ಲಿ ನಿಂತಿದ್ದ ಸುಂದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮ ಶಹಾಪುರದಾಗ ಬಿಸಿ ಗಾಳಿಗಿ ಬರ ಬಿದ್ದಿತ್ತೇನ್ರಿ, ಲಾರಿ ತುಂಬ ಮಷಿನ್ ತಂದು ಮಾಡಾಕ?"

ಶರಣಕುಮಾರ ನಕ್ಕು, ಕರಾರನ್ನು ಬಿಡಿಸಿ ಹೇಳಿದ. ಯಂತ್ರಗಳು ಕಂಪನಿಯವು. ಜಾಗ, ಗಿರಣಿಯ ದೊಡ್ಡ ವಿದ್ಯುತ್ ಸಂಪರ್ಕ, ತಂಪು, ಕಾವಲು, ಇವು ಸಂಗಣ್ಣನ ಹೊಣೆ. ಅದಕ್ಕೆ ಕಂಪನಿ ತಿಂಗಳ ಬಾಡಿಗೆ ಕೊಡುತ್ತದೆ. ಮುಖ್ಯ ಷರತ್ತು ಒಂದೇ: ಯಂತ್ರ ನಿಲ್ಲಬಾರದು. ನಿಲ್ಲಿಸಲೇಬೇಕಾದರೆ ಮೂರು ದಿನ ಮೊದಲೇ ಕಾಗದ ಬರೆದು ತಿಳಿಸಬೇಕು, ನಾಲ್ಕು ತಾಸು ಮೀರಬಾರದು.

ದೇವಿಂದ್ರಪ್ಪನಿಗೆ ಬೇಕಾಗಿದ್ದ ಮಾತು ಬೇರೆ. ಅವನು ಅದನ್ನು ಸಾವುಕಾರನ ಬಾಯಿಂದಲೇ ಕೇಳಿದ.

"ನಮ್ಮ ಜಿನ್ನು ಯಾವಾಗ ಚಾಲೂ ಮಾಡ್ತೀರಿ ಸಾವ್ಕಾರ್ರ?"

"ಕರಾರು ಹನ್ನೊಂದು ತಿಂಗಳದ್ದು. ಆ ಬಾಡಿಗಿ ಬಂತಂದ್ರ ಮುಂದಿನ ಸುಗ್ಗಿಗಿ ಹೊಸ ಪಟ್ಟಾ, ಹೊಸ ರೋಲರ್ ಎಲ್ಲಾ ಹಾಕಸ್ತೀನಿ. ಅಲ್ಲೀ ತನ ಅವನ್ನ ಜ್ವಾಕಿ ಮಾಡು, ದೇವಿಂದ್ರ."

ಅಂದಿನಿಂದ ಅವನಿಗೆ ಬದುಕಿನಲ್ಲಿ ಉಳಿದದ್ದು ಒಂದೇ ಗುರಿ: ಹನ್ನೊಂದು ತಿಂಗಳು ಇಪ್ಪತ್ನಾಲ್ಕು ಜಿನ್ನುಗಳ ಒಂದು ಬೋಲ್ಟೂ ಕಳೆಯದಂತೆ ಕಾಯುವುದು. ಹೊರಗಿನ ಜನ ಷೆಡ್ಡಿನಲ್ಲಿ ಓಡಾಡತೊಡಗಿದ್ದರಿಂದ ಅವನಿಗೆ ಕಳವಿನ ಭಯ ಹಿಡಿಯಿತು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅವನು ಎರಡು ಹಾಳೆಗಳಲ್ಲಿ ಪ್ರತಿ ಜಿನ್ನಿನ ಸಂಖ್ಯೆ, ಮೋಟಾರಿನ ಸಂಖ್ಯೆ, ಬಿಡಿಭಾಗಗಳನ್ನು ದುಂಡಗೆ ಬರೆದು, "ಇದರ ಮ್ಯಾಲ ನಿಮ್ಮ ಕಂಪನಿ ಶಿಕ್ಕಾ ಬೀಳಬೇಕ್ರಿ" ಎಂದು ಹಟ ಹಿಡಿದ. ಶರಣಕುಮಾರ ಅದನ್ನು ನೋಡಿದ. ಜಾಮೀನಿಗೆಂದು ಷೆಡ್ಡಿನ ಸಾಮಾನಿನ ಪಟ್ಟಿಯೊಂದನ್ನು ಕಂಪನಿ ಕೇಳಿತ್ತು. ಸಿದ್ಧವಾದ ಪಟ್ಟಿಯೇ ಕೈಗೆ ಬಂದಿತ್ತು. ಅವನು ಅದನ್ನು ಕರಾರಿನ ಹಿಂದೆ ಜೋಡಿಸಿ ಶಿಕ್ಕಾ ಒತ್ತಿಸಿದ. ತನ್ನ ಅಕ್ಷರ ಛಾಪಾ ಕಾಗದದ ಜೊತೆ ಸೇರಿತೆಂದು ದೇವಿಂದ್ರಪ್ಪ ಅಂದು ಪೇಟೆಯಿಂದ ಜಿಲೇಬಿ ತಂದ.

ಚಳಿಗಾಲ ಕಳೆಯಿತು. ಅಮಾವಾಸ್ಯೆಗಳು ಬಂದು ಹೋದವು. ಶರಣಕುಮಾರ ಎದುರಿಗಿರುತ್ತಿದ್ದುದರಿಂದ ಬಾಗಿಲ ಚೌಕಟ್ಟಿಗೆ ಕುಂಕುಮ ಹಚ್ಚಿದ್ದಷ್ಟೇ ಪೂಜೆ. ಆದರೆ ಬೇಸಿಗೆ ನೆತ್ತಿಗೇರಿದಾಗ ಷೆಡ್ಡು ಕುಲುಮೆಯಾಯಿತು. ಮುನ್ನೂರು ಫ್ಯಾನುಗಳು ಕಾಲುವೆ ರಸ್ತೆಯ ಕೆಂಧೂಳನ್ನು ಎಳೆದುಕೊಂಡು ಒಂದೇ ಸಮ ಚೀರುತ್ತಿದ್ದವು. ಎಷ್ಟು ನೀರು ಹೊಯ್ದರೂ ಕೂಲರಿನ ಹುಲ್ಲು ಗಳಿಗೆಯಲ್ಲಿ ಒಣಗುತ್ತಿತ್ತು. ಕಪಾಟಿನ ಮೇಲೆ ಕೈಯಿಟ್ಟಾಗ ಅವನಿಗೆ ಜ್ವರ ಬಂದ ಮೈ ಮುಟ್ಟಿದಂತಾಗುತ್ತಿತ್ತು. "ಬ್ಯಾರೇದವರ ದನ ಆದ್ರೂ ನಮ್ಮ ಕೊಟ್ಟಿಗ್ಯಾಗ ಕಟ್ಯಾರಲ್ಲ, ಹಿಂಗ ದುಡಸಬಾರದು" ಎಂದು ಸುಂದ್ರಮ್ಮನ ಮುಂದೆ ಪೇಚಾಡಿದ.

ಮಣ್ಣೆತ್ತಿನ ಅಮಾವಾಸ್ಯೆಗೆ ಶರಣಕುಮಾರ ಆಫೀಸು ಕೋಣೆಗೆ ಕೀಲಿ ಹಾಕಿಕೊಂಡು ಸುರಪುರಕ್ಕೆ ಹೋದ. ಬೆಳಿಗ್ಗೆ ದೇವಿಂದ್ರಪ್ಪ ಸಂಗಣ್ಣನಿಗೆ ಫೋನು ಮಾಡಿದ. ಸಂಗಣ್ಣ ಯಾದಗಿರಿಯ ತನ್ನ ಬೀಜದ ಅಂಗಡಿಯಲ್ಲಿ ಬಿತ್ತನೆಯ ಗಿರಾಕಿಗಳ ನಡುವೆ ಇದ್ದ.

"ಸಾವ್ಕಾರ್ರ, ಇವತ್ತ ಅಮಾಸಿ ರೀ. ಮಷಿನ್ ಬಂದ್ ಮಾಡಿ ಪೂಜಿ ಮಾಡ್ಲೇನ್ರಿ?"

"ಮೂವತ್ತೈದು ವರ್ಷದಿಂದ ಇದೊಂದು ಕೇಳಕೋತ ಬಂದೀದಿ ನೋಡು. ನಾ ಬ್ಯಾಡಂದ್ರ ಬಿಡಾಂವೇನು ನೀ? ಕಾಯಿ ಒಡಿ, ಹೋಗು!"

ದೇವಿಂದ್ರಪ್ಪ ಕರೆಂಟಿನ ಒಂದೊಂದೇ ಹಿಡಿಕೆಯನ್ನು ಕೆಳಕ್ಕೆಳೆದ. ಬಹಳ ದಿನಗಳ ಮೇಲೆ ಆ ಷೆಡ್ಡಿನಲ್ಲಿ ಗುಬ್ಬಿಯ ಸದ್ದು ಕೇಳಿಸಿತು. ದಿನವಿಡೀ ಮೆತ್ತನೆಯ ಬ್ರಷ್ಷಿನಿಂದ ಮುನ್ನೂರು ಯಂತ್ರಗಳ ಫ್ಯಾನುಗಳಿಂದ ಧೂಳು ತೆಗೆದ. ವಿಭೂತಿ ಹಚ್ಚಿದ. ಸುಂದ್ರಮ್ಮ ಒಂದು ಜೊತೆ ಮಣ್ಣೆತ್ತುಗಳನ್ನು ಮಾಡಿ ತಂದಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಹಿಡಿಕೆಗಳನ್ನು ಮೇಲೆತ್ತಿದಾಗ ಒಂದೂ ತಕರಾರು ಮಾಡದೆ ಎಲ್ಲವೂ ಓಡಿದವು. ಮೊದಲಿಗಿಂತ ತಂಪಾಗಿ, ಸಮನಾಗಿ ಓಡಿದವು. ಕೀಲಿ ಹಾಕಿದ ಕೋಣೆಯಲ್ಲಿ ಕಂಪನಿಯ ಫೋನು ಇಡೀ ದಿನ ಬಡಿದುಕೊಂಡಿದ್ದನ್ನು ಅವನು ಕೇಳಿಸಿಕೊಂಡಿದ್ದ. ಅದು ತನಗಲ್ಲವೆಂದು ಸುಮ್ಮನಿದ್ದ.

ಒಂಬತ್ತು ದಿನದ ಮೇಲೆ ಕಾಗದ ಬಂತು. ಶರಣಕುಮಾರ ಅದನ್ನು ಬೇವಿನ ಮರದ ಕೆಳಗೆ ಓದಿ ಹೇಳಿದ. ಸೂಚನೆಯಿಲ್ಲದೆ ಹನ್ನೆರಡು ತಾಸು ಯಂತ್ರ ನಿಲ್ಲಿಸಿದ್ದರಿಂದ ಕರಾರು ಮುರಿದಿದೆ. ಕಂಪನಿ ತನ್ನ ಯಂತ್ರಗಳನ್ನು ಒಯ್ಯುತ್ತದೆ. ದಂಡಕ್ಕೆ ಬದಲಾಗಿ, ಲಗತ್ತಿಸಿದ ಪಟ್ಟಿಯಲ್ಲಿನ ಸಾಮಾನೆಲ್ಲವನ್ನೂ ವಶಪಡಿಸಿಕೊಳ್ಳುತ್ತದೆ.

"ಯಾವ ಪಟ್ಟಿ?" ಎಂದ ದೇವಿಂದ್ರಪ್ಪ.

ಶರಣಕುಮಾರ ಕೊನೆಯ ಎರಡು ಹಾಳೆ ತಿರುವಿ ತೋರಿಸಿದ. ಮುಖ ಎತ್ತಲಿಲ್ಲ.

"ಚೈತ್ರದಾಗ ಗಾಳಿ ಬೀಸಿ ಕಂಬ ಬಿದ್ದು ಒಂದು ದಿನ ಪೂರಾ ಬಂದ್ ಇದ್ದವಲ್ಲ. ಆವಾಗ ಯಾಕ ಕೇಳಲಿಲ್ಲ?"

"ಅದು ದೈವದ ಕೈಯಾಗಿಂದು ಅಂತ ಬಿಡತಾರ್ರಿ ಅಣ್ಣಾವ್ರ. ಕರಾರಿನಾಗ ಹಂಗ ಬರದದ."

"ಅಮಾಸಿ ಮತ್ತ ಯಾರ ಕೈಯಾಗಿಂದು? ನಾ ಹುಟ್ಟಿಸೀನೇನು?"

ಶರಣಕುಮಾರ ಕಾಗದವನ್ನು ಮಡಿಚಿ ಜೇಬಿಗಿಟ್ಟ.

ಯಾದಗಿರಿಯ ಅಂಗಡಿಗೆ ಕಂಪನಿಯ ಅಧಿಕಾರಿ ಬರುವ ದಿನ ದೇವಿಂದ್ರಪ್ಪ ಒಗೆದ ಧೋತರ ಉಟ್ಟು ಹೋದ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಬಂದ್ ಮಾಡಿದಾಂವ ನಾನ್ರಿ. ನನ್ನ ಜೇಲಿಗಿ ಹಾಕಸ್ರಿ, ಜಿನ್ನಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ."

ಅಧಿಕಾರಿ ತಾಳ್ಮೆಯಿಂದ ಹಾಳೆಗಳನ್ನು ತಿರುವಿದ. "ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ, ಹಿರಿಯರ. ಈ ಕರಾರಿನಾಗ ಕಂಪನಿ ಅದ, ಸಂಗಣ್ಣನವರು ಇದ್ದಾರ. ನೀವು ಎಲ್ಲೂ ಇಲ್ಲ. ಇಲ್ಲದವರಿಗಿ ಶಿಕ್ಷಾ ಹೆಂಗ ಕೊಡೂದು?"

ತಾನು ಕೇಳಿಯೇ ನಿಲ್ಲಿಸಿದೆನೆಂಬ ಮಾತು ದೇವಿಂದ್ರಪ್ಪನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಹೇಳಬೇಕಾದವನು ಸಾವುಕಾರ. ಸಂಗಣ್ಣ ಬೀಜದ ಪೊಟ್ಟಣವೊಂದನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಬರಹವನ್ನು ಓದುತ್ತಲೇ ಕುಳಿತ. ಹೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಒಪ್ಪಿಗೆ ಬಾಯಿಮಾತಿನದು, ಕಾಗದವಿರಲಿಲ್ಲ. ಅದು ದೇವಿಂದ್ರಪ್ಪನಿಗೂ ತಿಳಿದಿತ್ತು. ಆದರೂ ಬಸ್ಸಿನಲ್ಲಿ ಶಹಾಪುರ ಬರುವವರೆಗೆ ಅವನ ಎದೆಯಲ್ಲಿ ಕುದಿದದ್ದು ಕರಾರಲ್ಲ, ಆ ಪೊಟ್ಟಣ.

ಕಂಪನಿ ಜಿನ್ನುಗಳನ್ನು ಗುಜರಿಗೆ ಮಾರಿತು. ಕೊಂಡವನು ಶಹಾಪುರದ ಮಸ್ತಾನಸಾಬ. ಗಿರಣಿಯ ಹಳೆಯ ಬೇರಿಂಗುಗಳನ್ನು ಕೊಳ್ಳುತ್ತಿದ್ದ, ದೇವಿಂದ್ರಪ್ಪನಿಗೆ ಮೂವತ್ತು ವರ್ಷದ ಪರಿಚಯದವನು. ಅವನ ಆಳುಗಳು ಸುತ್ತಿಗೆ ಎತ್ತಿದಾಗ ದೇವಿಂದ್ರಪ್ಪ ಅಡ್ಡ ಬಂದ.

"ಬಡೀಬ್ಯಾಡ್ರೋ. ನಾ ಬಿಚ್ಚಿ ಕೊಡ್ತೀನಿ."

"ಭಟ್ಟಿಗಿ ಹೋಗೂದದ, ಭಾಯಿ. ಬಿಚ್ಚಿದ್ರೂ ಅಷ್ಟ, ಒಡದ್ರೂ ಅಷ್ಟ" ಎಂದ ಮಸ್ತಾನಸಾಬ.

"ನನಗ ಅಷ್ಟಲ್ಲ."

ಎರಡು ದಿನ ಹಿಡಿಯಿತು. ಪ್ರತಿ ಬೋಲ್ಟಿಗೂ ಎಣ್ಣೆ ಬಿಟ್ಟು, ಒಂದೂ ಮುರಿಯದಂತೆ ಸಡಿಲಿಸಿ, ರೋಲರು, ಚಾಕು, ಶಾಫ್ಟುಗಳನ್ನು ಬೇರೆ ಬೇರೆ ಇಟ್ಟ. ನಡುವೆ ಕೆಮ್ಮು ಬಂದಾಗ ಕಂಬ ಹಿಡಿದು ನಿಲ್ಲುತ್ತಿದ್ದ. ಅರಳೆಯ ಧೂಳು ಅವನ ಎದೆಯಲ್ಲಿ ಮನೆ ಮಾಡಿ ಬಹಳ ವರ್ಷವಾಗಿತ್ತು. ಕೊನೆಯ ಜಿನ್ನು ಉಳಿದಾಗ ಮಸ್ತಾನಸಾಬ ಅವನ ಹೆಗಲ ಮೇಲೆ ಕೈಯಿಟ್ಟ.

"ಇದೊಂದು ಇಟ್ಕೋ ದೇವಿಂದ್ರಪ್ಪ. ಕಂಪನಿ ತೂಕದಾಗ ನಾ ಹ್ಯಾಂಗರ ಹೊಂದಸ್ತೀನಿ. ಯಾರಿಗಿ ಗೊತ್ತಾಗತದ?"

ದೇವಿಂದ್ರಪ್ಪ ಆ ಜಿನ್ನಿನ ಸಂದಿಗೆ ಹೆಬ್ಬೆರಳಿನ ಉಗುರು ತೂರಿಸಿ ನೋಡಿದ. "ಇಪ್ಪತ್ನಾಲ್ಕು ಅಂತ ನಾನೇ ಬರದೀನಲ್ಲ" ಎಂದು ಹೇಳಿ ಪಾನಾ ಕೈಗೆತ್ತಿಕೊಂಡ.

ಮಗಳು ಬಂದು, "ಯಪ್ಪಾ, ಅವ್ವನ್ನ ಕರಕೊಂಡು ಸುರಪುರಕ್ಕ ನಡಿ" ಎಂದು ಅತ್ತಳು. "ಅಲ್ಲಿ ಬಂದು ಏನ್ ಮಾಡ್ಲಿ? ನಿನ್ನ ಅಂಗನವಾಡಿ ಹುಡುಗರ ಗೊಂಬಿ ರಿಪೇರಿ ಮಾಡ್ಲೇನು?" ಎಂದು ಅವಳನ್ನು ನಗಿಸಿ ಕಳುಹಿಸಿದ. ಕಂಪನಿಯ ಲಾರಿಗಳೂ ಹೋದವು. ಬರಿದಾದ ಷೆಡ್ಡನ್ನು ಅವನು ವಾರಕ್ಕೊಮ್ಮೆ ಗುಡಿಸುತ್ತಿದ್ದ, ಯಾರೂ ಹೇಳಿರಲಿಲ್ಲ. ಹತ್ತಿಯ ಬಂಡಿಗಳು ಗೇಟಿನ ಮುಂದೆ ಹಾದು ಊರಾಚೆಯ ಗಿರಣಿಗಳಿಗೆ ಹೋಗುವ ಕಾಲ ಬಂದಾಗ ಅವನು ಹೊರಗೆ ಬರುವುದನ್ನೇ ಬಿಟ್ಟ. ಕಾರ್ತಿಕದಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಯಾದಗಿರಿಯ ಆಸ್ಪತ್ರೆಯಲ್ಲಿ ಆರು ದಿನವಿದ್ದು, ಏಳನೆಯ ದಿನ ಮಧ್ಯಾಹ್ನ ತೀರಿಕೊಂಡ. ಸಂಗಣ್ಣ ಮಣ್ಣಿಗೆ ಬಂದು, ಹಿಂದೆಯೇ ನಿಂತು ಹೋದ.

ಅವನು ಬಿಟ್ಟುಹೋದದ್ದು:

ಮೂರು ಧೋತರ, ಒಂದು ಬಿಳಿ ಅಂಗಿ.

ಎಡಗಡೆಯ ಕಡ್ಡಿಗೆ ತಂತಿ ಸುತ್ತಿದ ಕನ್ನಡಕ.

ಹಿಂದಿನ ಗಾಲಿಗೆ ಬ್ರೇಕಿಲ್ಲದ ಸೈಕಲ್ಲು.

ಮಗಳು ಕೊಡಿಸಿದ, ಒಮ್ಮೆಯೂ ತೊಡದ ಉಣ್ಣೆಯ ಸ್ವೆಟರು.

ಅಬ್ಬೆತುಮಕೂರಿನ ಜಾತ್ರೆಗೆ ಹೋದಾಗ ಹೆಂಡತಿಯೊಡನೆ ತೆಗೆಸಿದ ಒಂದು ಫೋಟೋ; ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ.

ಆಸ್ಪತ್ರೆಯ ಚೀಟಿ, ಅರ್ಧ ಬಾಟಲಿ ಕೆಮ್ಮಿನ ಔಷಧ.

ಗಿರಣಿ ಆವರಣದ ಎರಡು ಕೋಣೆಗಳು, ಯುಗಾದಿಯೊಳಗೆ ಖಾಲಿ ಮಾಡಬೇಕಾದವು.

ಸುಂದ್ರಮ್ಮ, ವಯಸ್ಸು ಐವತ್ತಾರು.