ಸುಮಿತ್ರಾ ವೈನಿಯ ಕೈರುಚಿ

ಸುಮಿತ್ರಾ ವೈನಿ ಗ್ಲಾಸನ್ನು ತುಟಿಗೆ ತಾಗಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದು, "ಇನ್ನ ಜರಾ ಲಿಂಬಿ ಬೇಕು" ಎಂದು ಹಿಂಡುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ನೀರೂ ಕುಡಿಯದ ಈ ಹೆಂಗಸು ಕಲಸಿದ ರಮ್ಮು, ವೋಡ್ಕಾ ಕುಡಿಯಲು ಶಹಾಬಾದಿನಿಂದ, ಚಿತ್ತಾಪುರದಿಂದ ದೊಡ್ಡ ಮಂದಿ ಕಾರು ಮಾಡಿಕೊಂಡು ವಾಡಿಗೆ ಬರುತ್ತಿದ್ದರು.

ನಾನು ವಾಡಿಯ ಶಾಲೆಯೊಂದರಲ್ಲಿ ಟೀಚರು. ಅದಕ್ಕೇ ಅವರು ನನ್ನನ್ನು "ಅಕ್ಕೋರೆ" ಎನ್ನುತ್ತಿದ್ದರು, ನಾನು ಅವರನ್ನು ಅತ್ತಿಗೆಯ ಹಾಗೆ "ವೈನಿ" ಎನ್ನುತ್ತಿದ್ದೆ. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಗಿಡ್ಡ ಗೋಡೆ. ಅವರ ತವರು ಚಿಂಚೋಳಿ ತಾಲೂಕಿನ ಐನಾಪುರ, ಒಕ್ಕಲುತನದ ಮನೆ. ಗಂಡ ಚಂದ್ರಶೇಖರ ಸಿಮೆಂಟ್ ಸಾಗಿಸುವ ಲಾರಿಗಳ ಗುತ್ತಿಗೆದಾರ. ಒಬ್ಬಳೇ ಮಗಳು ಪೂಜಾ.

ಒಂದು ಯುಗಾದಿಗೆ ಗಂಡನ ಗೆಳೆಯನೊಬ್ಬ ವೈನಿಯ ಮಾವಿನಕಾಯಿ ಪಾನಕಕ್ಕೆ ತಾನೇ ತಂದ ವೋಡ್ಕಾ ಸುರಿದುಕೊಂಡು ಕುಡಿದು, ಕುಣಿದಾಡಿದನಂತೆ. ಮುಂದಿನ ವಾರ ಚಂದ್ರಶೇಖರ ಅಡುಗೆಮನೆಯ ಕಟ್ಟೆಯ ಮೇಲೇ ಬಾಟಲಿ ತಂದಿಟ್ಟರು.

"ನಾ ಒಲ್ಲೆ ಅಂದೆರಿ," ಎಂದು ವೈನಿ ನನ್ನ ಮುಂದೆ ಹೇಳಿಕೊಂಡಿದ್ದರು. "ನಿನಗ ಕುಡಿ ಅನ್ನಾಕತ್ತೀನೇನು, ಬರೇ ಕಲಸಿ ಕೊಡು, ಇದರ ಮ್ಯಾಲ ನಮ್ಮ ಲಾರಿ ಧಂದೆ ನಿಂತದ ಅಂದ್ರು ಇವರು. ಮಾತ ಬಿಟ್ಟ ನೋಡಿದೆ. ಕಡೀಗಿ ಕಲಸಿದೆ."

ಒಮ್ಮೆ ಕೈ ಹಾಕಿದ ಮೇಲೆ ಅರೆಬರೆ ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಿ ಕಲಿತರು, ಉಳಿದದ್ದನ್ನು ತಾವೇ ಹೊಂದಿಸಿದರು. ಬೇಸಿಗೆಗೆ ಸುಟ್ಟ ಮಾವಿನಕಾಯಿ, ಪುದೀನ, ಹುರಿದ ಜೀರಿಗೆ. ಮಳೆ ಬಿದ್ದರೆ ನೇರಳೆಹಣ್ಣಿನ ರಸಕ್ಕೆ ಕರಿಉಪ್ಪು, ಜಿನ್. ದೀಪಾವಳಿಗೆ ಚಿಂಚೋಳಿ ಕಡೆಯ ಸೀತಾಫಲ. ವರ್ಷದ ಕೊನೆಯ ಚಳಿಗೆ ಬೆಲ್ಲ, ಶುಂಠಿ, ಲವಂಗ, ಕಿತ್ತಳೆ ಸಿಪ್ಪೆ ಕುದಿಸಿ, ಪಾತ್ರೆ ಇಳಿಸಿದ ಮೇಲೆ ರಮ್. "ಒಲಿ ಮ್ಯಾಲ ಇದ್ದಾಗ ಹಾಕಬಾರದ್ರಿ ಅಕ್ಕೋರೆ, ಭಗ್ ಅಂತ ಬೆಂಕಿ ಹತ್ತತದ." ಶ್ರಾವಣದಲ್ಲಿ ಮಾತ್ರ ಮನೆಯೊಳಗೆ ಬಾಟಲಿ ಬರಕೂಡದು, ಅದೊಂದು ಮಾತನ್ನು ಗಂಡನಿಂದ ನಡೆಸಿಕೊಂಡಿದ್ದರು.

"ಚಲೋ ಆಗ್ಯಾದ ಅಂದ್ರ ಖುಷಿ ಆಗ್ತದರಿ, ಸುಳ್ಳ್ಯಾಕ ಹೇಳ್ಲಿ," ಎಂದು ಒಮ್ಮೆ ನಾಚಿಕೊಂಡು ಅಂದಿದ್ದರು. "ನನ್ನ ಹೋಳಿಗಿಗಿ ಇವರು ಒಂದಿನಾ ಹಂಗ ಅಂದಿಲ್ಲ."

ಸಂಜೆ ಗಂಡಸರು ಮುಂಬಾಗಿಲಿನಿಂದ ಬಂದರೆ, ಮಧ್ಯಾಹ್ನ ಹೆಂಗಸರು ಹಿತ್ತಲಿನಿಂದ ಬರುತ್ತಿದ್ದರು. ವಾಡಿಯ ಧೂಳಿಗೂ ಗಡಸು ನೀರಿಗೂ ನಮ್ಮೆಲ್ಲರ ಕೂದಲು ತೆಂಗಿನ ನಾರಾಗಿತ್ತು. ಉಳಿದ ಬಿಯರನ್ನು ವೈನಿ ಬುರುಗು ಪೂರಾ ಇಳಿಯುವ ತನಕ ಬೋಗುಣಿಯಲ್ಲಿ ತೆರೆದಿಡುತ್ತಿದ್ದರು. ಸೀಗೆಕಾಯಿ ಹಚ್ಚಿ ತೊಳೆದ ತಲೆಗೆ ಅದನ್ನು ಸುರಿದು, ಬುಡಕ್ಕೆ ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು, ವಾಸನೆ ಹೋಗಲೆಂದು ಲಿಂಬೆರಸದ ನೀರು ಹಾಕುತ್ತಿದ್ದರು. ಜಿಡ್ಡು ಮುಖದವರಿಗೆ ಗುಲಾಬಿ ನೀರಿನಲ್ಲಿ ನಾಲ್ಕು ಹನಿ ವೋಡ್ಕಾ ಬೆರೆಸಿ ಅರಳೆಯಿಂದ ಒರೆಸುವರು. ಒಣ ಚರ್ಮದವಳು ಆಸೆಪಟ್ಟು ಮುಖ ಒಡ್ಡಿದರೆ, "ನಿಂಗ ಬ್ಯಾಡವ್ವ, ಉರೀತದ" ಎಂದು ಹಾಲಿನ ಕೆನೆ ಹಚ್ಚಿ ಕಳಿಸುವರು.

ಎದುರು ಮನೆಯ ನೀಲಾಬಾಯಿ ತನ್ನ ಮಗಳ ಮದುವೆಗೆ ಮುಂಚೆ ಅವಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕರೆತಂದಿದ್ದಳು. ತಿಂಗಳೊಪ್ಪತ್ತಿನಲ್ಲಿ ಆ ಹುಡುಗಿಯ ಜಡೆ ರೇಷ್ಮೆಯಂತಾಯಿತು. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಸುಮಿತ್ರಾಬಾಯಿ," ಎಂದು ನೀಲಾಬಾಯಿ ಹೋಗುವಾಗಲೆಲ್ಲ ಹೇಳುತ್ತಿದ್ದಳು. ವೈನಿ ಬಾಯಿ ಬಿಡಲಿಲ್ಲ.

ಪೂಜಾಳಿಗೆ ಸೇಡಂನಿಂದ ಸಂಬಂಧ ಬಂತು. ಹುಡುಗ ಸರ್ಕಾರಿ ನೌಕರ, ಹುಡುಗಿಯ ಮನಸ್ಸಿಗೆ ಬಂದಿದ್ದ. ಮಾತುಕತೆಯ ದಿನ ಚಾ ಕೊಡಲು ವೈನಿ ನನ್ನನ್ನು ಕರೆದಿದ್ದರು. ಚಾ ಕುಡಿದಾದ ಮೇಲೆ ಹುಡುಗನ ತಂದೆ ಜೇಬಿನಿಂದ ಮೊಬೈಲು ತೆಗೆದು ಚಂದ್ರಶೇಖರರ ಮುಂದೆ ಹಿಡಿದರು.

"ಇವರು ನಿಮ್ಮ ಮನಿಯವರೇನ್ರಿ?"

ಹಿಂದಿನ ಡಿಸೆಂಬರಿನಲ್ಲಿ ಚಂದ್ರಶೇಖರರೇ ತಮ್ಮ ಸ್ಟೇಟಸ್ಸಿಗೆ ಹಾಕಿದ್ದ, ಯಾರೋ ಇಳಿಸಿಕೊಂಡು ಹಂಚಿದ್ದ ವಿಡಿಯೊ. ವೈನಿ ಸೆರಗು ಸಿಕ್ಕಿಸಿಕೊಂಡು ಬೆಲ್ಲದ ಪಾಕಕ್ಕೆ ರಮ್ ಹುಯ್ಯುತ್ತಿದ್ದಾರೆ. "ನೋಡ್ರಿ ನಮ್ಮ ಮನಿಯಾಕಿ ಕೈ! ಜಾದು ಅದ ಜಾದು!" ಎಂದು ಗಂಡನ ದನಿ ಕೂಗುತ್ತಿದೆ.

ಚಂದ್ರಶೇಖರ ಗಂಟಲು ಸರಿಮಾಡಿಕೊಂಡರು. "ಏನ ಮಾಡ್ಲಿರಿ, ಮೊಬೈಲ್ ನೋಡಿ ಆಕಿಗಿ ಈ ಹುಚ್ಚು ಹತ್ಯಾದ. ನಾ ಭಾಳ ಹೇಳೀನಿ. ಕೇಳಂಗಿಲ್ಲ."

ಮೊಬೈಲಿನೊಳಗಿನ ದನಿಯೂ ಈ ದನಿಯೂ ಒಂದೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಆದರೂ ಎಲ್ಲರೂ ನೋಡಿದ್ದು ವೈನಿಯ ಕಡೆಗೇ. ಅವರು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆ ಹೋದೆ. "ನೀವು ಹೇಳಬೇಕಿತ್ತು ವೈನಿ," ಎಂದೆ. "ಮಗಳ ಲಗ್ನ ಅದರಿ ಅಕ್ಕೋರೆ. ಅವರ ಎದುರಿಗಿ ಗಂಡನ್ನ ಸುಳ್ಳ ಮಾಡಲೇನು?" ಎಂದರು.

ಸೇಡಂನವರು ಎದುರು ಮನೆಯಲ್ಲೂ ವಿಚಾರಿಸಿದರಂತೆ. "ನಾವು ಆ ಮನಿ ಹೊಸ್ತಿಲಾ ತುಳಿಯಂಗಿಲ್ರಿ," ಎಂದಳಂತೆ ನೀಲಾಬಾಯಿ. ಮಾತು ಖರೆಯೇ, ಆಕೆ ಯಾವತ್ತೂ ಬಂದದ್ದು ಹಿತ್ತಲಿನಿಂದ.

ಆ ದೀಪಾವಳಿಗೂ ಮಂದಿ ಬಂದರು. ವೈನಿ ಬಾಟಲಿ, ಸೋಡಾ, ಗ್ಲಾಸು ತಂದು ಮೇಜಿನ ಮೇಲಿಟ್ಟರು. ಗೋಡೆಯಾಚೆ ನನಗೆ ಅವರ ಮಾತು ಸ್ಪಷ್ಟ ಕೇಳಿಸಿತು. "ಇದು ನನ್ನ ಹುಚ್ಚು ಅಂತ ಪೂಜಾನ ಪಪ್ಪಾ ಹೇಳ್ಯಾರ. ಆ ಹುಚ್ಚು ಬಿಟ್ಟೀನ್ರಿ. ನಿಮ್ಮದು ನೀವ ಕಲಸಕೊಳ್ರಿ." ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಕೆನ್ನೆಗೆ ಬಿದ್ದ ಏಟಿನ ಸದ್ದೂ ಕೇಳಿತು. ನಾನು ಓಡಿದೆ. ನಡುಮನೆಯಲ್ಲಿ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಯಾರೂ ಎದ್ದಿರಲಿಲ್ಲ. ಒಬ್ಬ ನನ್ನನ್ನು ನೋಡಿ, "ಗ್ಲಾಸಿಗಿ ಹಾಕಾಕ ಬರ್ಫ ಅದ ಏನ್ರಿ ಒಳಗ?" ಎಂದು ಕೇಳಿದ.

ಚಂದ್ರಶೇಖರ ಸೇಡಂಗೆ ಹೋಗಿ, ತಡೆದು ನಿಂತಿದ್ದ ಸಂಬಂಧಕ್ಕೆ ಹೇಗೋ ಒಪ್ಪಿಸಿ ಬಂದರು. ಒಂದೇ ಷರತ್ತು: ಹುಡುಗಿಯ ತಾಯಿ ಮಂಟಪ ಹತ್ತಬಾರದು, ನೆಂಟರ ಮುಂದೆ ಇಜ್ಜತ್ತಿನ ಪ್ರಶ್ನೆ. ಪೂಜಾ ಬೇಡವೆನ್ನುತ್ತಾಳೆಂದು ನಾನು ನಂಬಿದ್ದೆ. ಅವಳು ತಾಯಿಯ ಕೈ ಹಿಡಿದು, "ಒಂದ ದಿನದ ಮಾತು ಮಮ್ಮಿ," ಎಂದಳು.

ಸೇಡಂನ ಮದುವೆ ಹಾಲ್‌ನಲ್ಲಿ ವೈನಿ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಮಂಟಪದ ಮೇಲೆ ತಾಯಿಯ ಜಾಗದಲ್ಲಿ ಚಂದ್ರಶೇಖರರ ತಂಗಿ ನಿಂತಿದ್ದಳು. ಅಕ್ಕಿಕಾಳು ಹಾಕುವಾಗ ವೈನಿ ಎದ್ದು, "ಇಲ್ಲಿಂದ ಒಗದ್ರ ಮುಟ್ಟತದೇನ್ರಿ?" ಎಂದರು. ನಾನು ಮುಂದೆ ಹೋಗೋಣ ಬರ್ರಿ ಎಂದು ತೋಳು ಹಿಡಿದೆ. ಬಿಡಿಸಿಕೊಂಡರು. ಬಲ ಕೂಡಿಸಿ ಎಸೆದರು. ಕಾಳು ನಡುವಿನ ಕುರ್ಚಿಗಳ ಮೇಲೆ, ಯಾರದೋ ತಲೆಯ ಮೇಲೆ ಬಿದ್ದವು. ಆ ಮನುಷ್ಯ ಕೂದಲು ಕೊಡವಿಕೊಂಡು ಹಿಂದೆ ತಿರುಗಿ ಸಿಡುಕಿದ.

ಊಟಕ್ಕೆ ನಿಲ್ಲಲಿಲ್ಲ. ಅವರೊಂದಿಗೆ ನಾನೂ ಹೊರಬಂದೆ. ಹಾಲ್‌ನ ಹಿಂದೆ ನಿಂತಿದ್ದ ಜೀಪಿನಲ್ಲಿ ಚಂದ್ರಶೇಖರ, ಹುಡುಗನ ತಂದೆ ಇಬ್ಬರೂ ನಡುವೆ ಬಾಟಲಿ ಇಟ್ಟುಕೊಂಡು, ಪ್ಲಾಸ್ಟಿಕ್ ಗ್ಲಾಸು ಹಿಡಿದು ನಗುತ್ತಿದ್ದರು. ವೈನಿ ನೋಡಿದರು, ನಡೆದರು.

ಬಸ್ ಸ್ಟ್ಯಾಂಡಿನಲ್ಲಿ, "ಐನಾಪುರಕ್ಕ ಹೊಂಟೀನ್ರಿ, ಅಣ್ಣನ ಮನಿಗಿ. ಇನ್ನ ವಾಡಿಗಿ ಬರಂಗಿಲ್ಲ," ಎಂದರು.

"ಪೂಜಾಗ ಹೇಳಿದ್ರೇನ್ರಿ?"

"ಆಕಿ ಫೋಟೊ ತೆಗಿಸ್ಕೊಳ್ಳಾಕತ್ಯಾಳ. ತೆಗಿಸ್ಕೊಳ್ಳಲಿ ಬಿಡ್ರಿ."

ಚಿಂಚೋಳಿ ಬಸ್ಸು ಬಂತು, ಕಿಕ್ಕಿರಿದಿತ್ತು. ಮದುವೆಯ ಸೀರೆಯಲ್ಲೇ ನೂಕಿಕೊಂಡು ಹತ್ತಿದರು. ಕಿಟಕಿ ಕಿಟಕಿಯಲ್ಲೂ ಹುಡುಕಿದೆ. ಒಳಗೆ ಎಲ್ಲಿ ನಿಂತರೋ, ಕಾಣಲಿಲ್ಲ.