ಹಿಂದಿನ ಸೀಟಿನಲ್ಲಿ ವರ್ಲಾ ಸ್ಟಕಿ

ಇಂಡಿಯಾನಾದ ಮೆರಿಟನ್ ಊರಿನಲ್ಲಿ ವರ್ಲಾ ಸ್ಟಕಿಯ ಕೈ ತಾಗದ ಹೆಣ್ಣುತಲೆ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಕುರ್ಚಿ, ಒಂದು ತೊಟ್ಟಿ, ತಲೆಯ ಮೇಲೆ ಕವುಚಿ ಕೂದಲು ಒಣಗಿಸುವ ಮೂರು ಯಂತ್ರ. ಶುಕ್ರವಾರ ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ ಶನಿವಾರ ಸಂಜೆಯವರೆಗೆ ಊರಿನ ಹೆಂಗಸರ ತಲೆ ತೊಳೆದು, ಸುರುಳಿ ಸುತ್ತಿ, ಭಾನುವಾರದ ಚರ್ಚಿಗೆ ಅಣಿಮಾಡಿ ಕಳಿಸುತ್ತಿದ್ದಳು. ನಲವತ್ತೊಂದು ವರ್ಷ ಹೀಗೇ ನಡೆಯಿತು. ಯಾರಾದರೂ ತೀರಿಕೊಂಡರೆ ಬಾಚಣಿಗೆ, ಪಿನ್ನು ತುಂಬಿದ ಕೈಚೀಲ ಹಿಡಿದು ಹೆಣ ಇರಿಸಿದ ಕಡೆಗೂ ಹೋಗುತ್ತಿದ್ದಳು. "ಮಿಸೆಸ್ ಯೋಡರ್ ಬಲಕ್ಕೆ ಬೈತಲೆ ತೆಗೀತಿದ್ದಳು ಅನ್ನೋದು ನನಗೊಬ್ಬಳಿಗೇ ಗೊತ್ತಿರೋದು. ಬೇರೆಯವರು ಎಡಕ್ಕೆ ತೆಗೆದು ಕಳಿಸಿಬಿಟ್ರೆ ಅಲ್ಲಿ ಸ್ವರ್ಗದಲ್ಲಿ ಗಂಡನಿಗೆ ಗುರುತೇ ಸಿಗಲ್ಲ" ಎನ್ನುತ್ತಿದ್ದಳು.

ಮದುವೆಯಾಗಲಿಲ್ಲ. ಕೇಳಿಕೊಂಡು ಬಂದವರು ಇಬ್ಬರು. ಒಬ್ಬನಿಗೆ ಅವಳ ಅಂಗಡಿ ಮುಚ್ಚಬೇಕಿತ್ತು, ಇನ್ನೊಬ್ಬನಿಗೆ ಅಂಗಡಿ ಮಾತ್ರ ಬೇಕಿತ್ತು.

1964ರ ವಸಂತದಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ವರ್ಲಾ ಹೊಸ ಬ್ಯೂಕ್ ಕಾರು ಕೊಂಡಳು. ತಿಳಿನೀಲಿ ಬಣ್ಣ, ನಾಲ್ಕು ಬಾಗಿಲು, ಮಂಚದಷ್ಟು ಉದ್ದದ ಸೀಟು. ಮಾರುವವನು ಅವಳ ಹಿಂದೆಯೇ ಸುತ್ತುತ್ತ, "ಯಜಮಾನ್ರು ಯಾವಾಗ ಬರ್ತಾರೆ ನೋಡೋಕೆ?" ಎಂದು ಕೇಳಿದ.

"ಅವರಿನ್ನೂ ಹುಟ್ಟಿಲ್ಲ" ಎಂದಳು ವರ್ಲಾ. "ಹುಟ್ಟಿದ ಮೇಲೆ ಹೇಳಿಕಳಿಸ್ತೀನಿ. ಅಲ್ಲೀತನಕ ಬೀಗದ ಕೈ ನನ್ನ ಹತ್ರಾನೇ ಇರಲಿ."

ತಂಗಿ ನೀವಾಳ ಗಂಡ ಆರ್ವಲ್ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ ತಲೆ ಕೆರೆದುಕೊಂಡ. "ಅಲ್ವೇ ವರ್ಲಾ, ಒಂದು ಬಾಗಿಲು ನಿನಗಾಯ್ತು. ಉಳಿದ ಮೂರು ಯಾರಿಗೆ?"

"ಗಾಳಿಗೆ" ಎಂದಳು.

ಆ ಕಾರು ಓಡಿದ್ದು ಬಹಳ ಕಡಿಮೆ. ಅಂಗಡಿ ಮನೆಯಲ್ಲೇ ಇತ್ತು, ದಿನಸಿ ಎರಡು ಬೀದಿಯಾಚೆ ಸಿಗುತ್ತಿತ್ತು. ಭಾನುವಾರ ಚರ್ಚು ಮುಗಿಸಿಕೊಂಡು ಏಳು ಮೈಲಿ ದೂರದ ನೀವಾಳ ಹೊಲಮನೆಗೆ ಊಟಕ್ಕೆ ಹೋಗುವುದು, ಕತ್ತಲಾಗುವ ಮೊದಲೇ ವಾಪಸು ಬರುವುದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ತಿಂಗಳುಗಳಲ್ಲಿ, ತುಕ್ಕು ಹಿಡಿದೀತೆಂದು, ಅದೂ ಇಲ್ಲ; ಆಗ ಬ್ಯೂಕ್ ಹಳೆಯ ಹೊದಿಕೆಯಡಿ ಮಲಗಿರುತ್ತಿತ್ತು. ನಲವತ್ತೈದು ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಅವಳು ಅದನ್ನು ಓಡಿಸಿದವಳಲ್ಲ. ಇನ್ನೊಬ್ಬರ ಕೈಗಂತೂ ಒಂದು ದಿನವೂ ಕೊಡಲಿಲ್ಲ. ಆರ್ವಲ್ ಕೇಳಿ ಕೇಳಿ ಸೋತಿದ್ದ. ಜಿಪುಣತನ ಎಂದು ಊರು ಆಡಿಕೊಂಡಿತು. ಕಾರಣ ಅದಲ್ಲ. ಕಾರು ಕೊಂಡ ಹೊಸತರಲ್ಲಿ ಪ್ರತಿಯೊಬ್ಬ ಗಂಡಸೂ, "ಇತ್ತ ಕೊಡು, ಹಿಂದಕ್ಕೆ ತೆಗೆದುಕೊಡ್ತೀನಿ, ನಿನಗೆ ಕಷ್ಟ" ಎಂದು ಕೈಚಾಚುತ್ತಿದ್ದ. ಒಂದು ಸಲ ಬಿಟ್ಟುಕೊಟ್ಟರೆ ಮತ್ತೆ ಆ ಸ್ಟೀರಿಂಗ್ ಚಕ್ರ ತನ್ನ ಕೈಗೆ ಪೂರ್ತಿಯಾಗಿ ಬರುವುದಿಲ್ಲ ಎಂಬ ಅಳುಕು ಅವಳಲ್ಲಿ ಅಂದೇ ಕೂತುಬಿಟ್ಟಿತ್ತು.

1998ರಲ್ಲಿ ನೀವಾ ಮತ್ತು ಆರ್ವಲ್ ಹೊಲವನ್ನು ಮಗಳಿಗೆ ಒಪ್ಪಿಸಿ ಊರೊಳಗೆ, ಸರಿಯಾಗಿ ವರ್ಲಾಳ ಮನೆಯೆದುರು, ಮನೆ ಮಾಡಿಕೊಂಡು ಬಂದರು. ಭಾನುವಾರದ ಏಳು ಮೈಲಿ ಈಗ ಇಪ್ಪತ್ತು ಹೆಜ್ಜೆಯಾಯಿತು. ವರ್ಲಾಳಿಗೆ ಎಪ್ಪತ್ತೆರಡು, ಕಣ್ಣೂ ಮೊದಲಿನ ಹಾಗಿರಲಿಲ್ಲ. ಒಂದು ಬೆಳಗ್ಗೆ ಹೊದಿಕೆ ತೆಗೆದು ಕಾರನ್ನು ನೋಡಿದಳು. ಪಾಪ, ಇದಕ್ಕೆ ಕೆಲಸವೇ ಇಲ್ಲವಲ್ಲ ಎನಿಸಿತು. ಅದೇ ವಾರ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಹಾಕಿಸಿದಳು.

ಮೊದಲು ಬಂದವನು ಪಕ್ಕದ ಊರಿನ ದಡಿಯ. ಕೌಂಟಿ ಮೇಳದಲ್ಲಿ ಹಳೆಯ ಕಾರುಗಳನ್ನು ಒಂದಕ್ಕೊಂದು ಗುದ್ದಿಸಿ, ಕೊನೆಗೆ ಯಾವುದು ಓಡುತ್ತದೋ ಅದಕ್ಕೆ ಬಹುಮಾನ ಕೊಡುವ ಪಂದ್ಯವಿರುತ್ತದಲ್ಲ, ಅದಕ್ಕೆ ಅವನಿಗೆ ಕಾರು ಬೇಕಾಗಿತ್ತು. ಬ್ಯೂಕಿನ ಮೂತಿ ತಟ್ಟಿ, "ಗಟ್ಟಿ ಮಾಲು ಅಜ್ಜಿ! ಇದರಲ್ಲಿ ಕೂತ್ರೆ ನಾನೇ ಕೊನೇವರೆಗೂ ನಿಲ್ಲೋದು" ಎಂದ.

"ಮೂವತ್ನಾಲ್ಕು ವರ್ಷ ಒಂದು ಗೀರು ಬೀಳದ ಹಾಗೆ ನೋಡ್ಕೊಂಡಿದೀನಿ ಕಣಪ್ಪ, ನಿನ್ನ ಕೈಯಲ್ಲಿ ನಜ್ಜುಗುಜ್ಜು ಮಾಡ್ಸೋಕಾ?" ಎಂದು ವರ್ಲಾ ಬಿದ್ದು ಬಿದ್ದು ನಕ್ಕಳು. ಅವನ ಕೈಗೆ ಒಂದು ತುಂಡು ಚೆರ್ರಿ ಪೈ ಕೊಟ್ಟು ಸಾಗಹಾಕಿದಳು.

ಎರಡನೆಯವನು ಫೋರ್ಟ್ ವೇನ್ ನಗರದ ಹಲ್ಲಿನ ಡಾಕ್ಟರು, ಡ್ವೈಟ್ ಕ್ರೆಬ್ಸ್. ಅವನ ಬಳಿ ಆಗಲೇ ಹನ್ನೊಂದು ಹಳೆಯ ಕಾರುಗಳಿದ್ದವು. ಟ್ರಕ್ಕಿನ ಹಿಂದೆ ಖಾಲಿ ಟ್ರೇಲರ್ ಕಟ್ಟಿಕೊಂಡೇ ಬಂದಿದ್ದ. ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ನೆಲದ ಮೇಲೆ ಮಲಗಿ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಕಾರಿನಡಿ ಆಡಿಸಿ ಆಡಿಸಿ ನೋಡಿದ.

"ಹುಳುಕು ಹಲ್ಲು ಸಿಕ್ತಾ ಡಾಕ್ಟ್ರೇ?" ಎಂದ ಆರ್ವಲ್, ಬೇಲಿಗೆ ಒರಗಿಕೊಂಡು.

"ಒಂದೂ ಇಲ್ಲ" ಎಂದು ಎದ್ದ ಡ್ವೈಟನ ಮುಖ ಮಗುವಿನ ಮುಖದಂತೆ ಅರಳಿತ್ತು. ಒಳಗೆ ಬಗ್ಗಿ ಮೈಲಿಯ ಅಂಕಿ ನೋಡಿದ: 17,986. "ಹದಿನೆಂಟು ಸಾವಿರದ ಒಳಗೆ! ಮೇಡಂ, ಇಂಥದ್ದು ಈ ಸೀಮೇಲೇ ಇನ್ನೊಂದಿಲ್ಲ."

ಬೆಲೆಯ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಡ್ವೈಟ್ ಟ್ರೇಲರಿನ ಹಲಗೆ ಇಳಿಸಲು ಹೊರಟ.

"ತಡೀರಿ" ಎಂದಳು ವರ್ಲಾ. "ಒಂದು ಕೆಲಸ ಬಾಕಿ ಇದೆ. ನನ್ನನ್ನ ಕೂರಿಸ್ಕೊಂಡು ಕೆರೆ ತನಕ ಹೋಗಿ ಬನ್ನಿ. ಹತ್ತೊಂಬತ್ತೇ ಮೈಲಿ. ನಾಲ್ಕು ಸಾಲಿನ ದೊಡ್ಡ ರಸ್ತೇಲಿ, ಎಪ್ಪತ್ತರ ವೇಗದಲ್ಲಿ. ಈ ಕಾರಲ್ಲಿ ನಾನು ಬರೀ ಕೂತು ಕಿಟಕಿಯಾಚೆ ನೋಡಿದ್ದೇ ಇಲ್ಲ ನೋಡಿ."

ಡ್ವೈಟನ ಮುಖ ಸಣ್ಣಗಾಯಿತು. "ಹತ್ತೊಂಬತ್ತಾ? ಹೋಗಿಬರೋದ್ರಲ್ಲಿ ಹದಿನೆಂಟು ಸಾವಿರ ದಾಟಿಬಿಡತ್ತಲ್ಲಾ ಮೇಡಂ! ನನ್ನ ಟ್ರಕ್ಕಲ್ಲಿ ಹೋಗೋಣ, ಒಳ್ಳೆ ತಂಪಾಗಿರತ್ತೆ."

"ಟ್ರಕ್ಕಲ್ಲಿ ಕೂರಿಸೋಕೆ ನಮ್ಮ ಆರ್ವಲ್ ಇದಾನೆ."

"ಇನ್ನೂ ಐನೂರು ಡಾಲರ್ ಸೇರಿಸ್ತೀನಿ. ಓಡಿಸೋದು ಬೇಡ."

"ಕಾರು ಓಡಿಸಬೇಡ ಅಂತ ದುಡ್ಡು ಕೊಡೋರನ್ನ ಇವತ್ತೇ ನೋಡಿದ್ದು!" ಎಂದಳು ನೀವಾ ಎದುರು ಮನೆಯ ಮೆಟ್ಟಿಲ ಮೇಲಿಂದ.

ವರ್ಲಾ ಮಾತು ಬದಲಿಸಲಿಲ್ಲ. ತುಟಿಗೆ ಬಣ್ಣ ಹಚ್ಚಿಕೊಂಡು, ಕೈಚೀಲ ಹಿಡಿದು, ಹೋಗಿ ಓಡಿಸುವವರ ಪಕ್ಕದ ಸೀಟಿನ ಬಾಗಿಲ ಬಳಿ ನಿಂತಳು. ಅವಳು ಬೀಗದ ಕೈಯನ್ನು ಕಾರಿನ ಮೇಲಿಂದ ದಾಟಿಸಿ ಡ್ವೈಟನಿಗೆ ಕೊಟ್ಟದ್ದನ್ನು ಕಂಡು ಆರ್ವಲ್ ಟೋಪಿ ತೆಗೆದ. ಮೂವತ್ನಾಲ್ಕು ವರ್ಷ ಅವನಿಗೆ ದಕ್ಕದೇ ಹೋದ ಬೀಗದ ಕೈ ಅದು. ಕೊಟ್ಟ ಮೇಲೆ ವರ್ಲಾಳಿಗೂ ಆಶ್ಚರ್ಯವೇ ಆಯಿತು. ಎದೆಯಲ್ಲಿ ಏನೂ ಜಗ್ಗಲಿಲ್ಲ. ಇಷ್ಟು ವರ್ಷ ತನ್ನದೇ ಆಗಿದ್ದುದನ್ನು ಇನ್ನು ಯಾರು ಕಿತ್ತುಕೊಂಡಾರು?

ಮೊದಲ ಹತ್ತು ಮೈಲಿ ಡ್ವೈಟ್ ರಸ್ತೆಗಿಂತ ಅಂಕಿಯನ್ನೇ ಹೆಚ್ಚು ನೋಡಿದ. ದೊಡ್ಡ ರಸ್ತೆ ಸಿಕ್ಕಿತು. "ಒತ್ತಿ ಡಾಕ್ಟ್ರೇ, ಇಲ್ಲಿ ಯಾರ ಹಲ್ಲನ್ನೂ ಕೀಳ್ತಿಲ್ಲ ನೀವು" ಎಂದಳು. ಅವನು ಒತ್ತಿದ. ಐವತ್ತು, ಅರವತ್ತು, ಎಪ್ಪತ್ತು. ಬ್ಯೂಕ್ ನಡುಗಲಿಲ್ಲ, ಗೊಣಗಲಿಲ್ಲ. ಇದಕ್ಕಾಗಿಯೇ ಕಾದಿದ್ದಂತೆ ನೀರಿನ ಹಾಗೆ ಹರಿಯಿತು. ಮೊಣಕಾಲೆತ್ತರದ ಮೆಕ್ಕೆಜೋಳದ ಹೊಲಗಳು ಹಸಿರು ಪಟ್ಟಿಯಾಗಿ ಹಿಂದೆ ಸರಿದವು. ವರ್ಲಾ ಕಿಟಕಿ ಪೂರ್ತಿ ಇಳಿಸಿದಳು. ಸಾವಿರಾರು ತಲೆಗಳನ್ನು ಸರಿಪಡಿಸಿದವಳ ಸ್ವಂತ ಕೂದಲು ಕೆದರಿ ಕಾಗೆಗೂಡಾಯಿತು. ಅವಳು ಕೈಯೆತ್ತಿ ಸರಿಮಾಡಿಕೊಳ್ಳಲೂ ಇಲ್ಲ.

ಹದಿನಾಲ್ಕನೆಯ ಮೈಲಿ ಹತ್ತಿರವಾದಾಗ ಡ್ವೈಟ್ ರಸ್ತೆಬದಿಗೆ ತೆಗೆದು ಆಮೆಯ ಹಾಗೆ ಉರುಳಿಸತೊಡಗಿದ. ಇಬ್ಬರೂ ತಲೆ ಒಟ್ಟು ಸೇರಿಸಿ ನೋಡಿದರು. ಮೂರು ಒಂಬತ್ತುಗಳು ಒಮ್ಮೆಗೇ ಅಲುಗಿ, ಮೆಲ್ಲಗೆ ಹೊರಳಿ, ಮೂರು ಸೊನ್ನೆಗಳಾದವು.

"ಹೋಯ್ತು" ಎಂದ ಡ್ವೈಟ್.

"ನೋವಾಯ್ತಾ?" ಎಂದಳು ವರ್ಲಾ, ಹಲ್ಲು ಕಿತ್ತ ಮೇಲೆ ಕೇಳುವ ಹಾಗೆ.

ಅವನು ಅಂಕಿಯ ಮೇಲಿಂದ ಕಣ್ಣು ತೆಗೆದ. ಆಮೇಲೆ ನಗತೊಡಗಿದ. "ಇಲ್ಲ ಮೇಡಂ. ನೋವಾಗತ್ತೆ ಅಂದ್ಕೊಂಡಿದ್ದೆ. ನಿಜ ಹೇಳ್ಲಾ? ಆ ಹನ್ನೊಂದರಲ್ಲಿ ಒಂದನ್ನೂ ಎಪ್ಪತ್ತರ ವೇಗದಲ್ಲಿ ಓಡಿಸಿಲ್ಲ ನಾನು."

"ಹಾಗಾದ್ರೆ ನಿಮ್ಮನೇಲಿರೋದು ಕಾರಲ್ಲ, ಬೀರುವಲ್ಲಿ ಜೋಡಿಸಿಟ್ಟ ಪಾತ್ರೆ ಸಾಮಾನು."

ಕೆರೆಯ ದಂಡೆಯ ಗುಡಿಸಲಂಗಡಿಯಲ್ಲಿ ಕರಿದ ಮೀನು, ಎಲೆಕೋಸಿನ ಪಲ್ಯ ತಿಂದರು. ಡ್ವೈಟ್ ತನ್ನ ಹೆಂಡತಿಯ ವಿಷಯ ಹೇಳಿದ; ಅವಳು ಆ ಕಾರುಗಳಲ್ಲಿ ಕೂರುವುದಿಲ್ಲವಂತೆ, ಕೂರುವ ಮೊದಲು ಚಪ್ಪಲಿ ಬಿಡಬೇಕೆಂದು ಇವನು ಹಟಮಾಡುತ್ತಾನಂತೆ. ವರ್ಲಾ ಮೀನಿನ ಮುಳ್ಳು ಬಿಡಿಸುತ್ತ, "ಬೇಗ ಬುದ್ಧಿ ಕಲೀರಪ್ಪ" ಎಂದಷ್ಟೇ ಹೇಳಿದಳು.

ವಾಪಸು ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಆ ಸೀಟಿನಲ್ಲಿ ಪೈ ತುಂಬಿದ ಡಬ್ಬಿಗಳು ಕೂತಿದ್ದವು, ನೀವಾಳ ಮಗಳು ಕೂತಿದ್ದಳು, ಮದುವೆಯ ಹೂಗಳು ಕೂತಿದ್ದವು; ತಾನು ಕೂತಿರಲಿಲ್ಲ. ಕಾಲು ಚಾಚಲು ಎಷ್ಟು ಜಾಗ! ಬಿಸಿಲಿಗೆ ಬೆಚ್ಚಗಾದ ಬಟ್ಟೆಗೆ ಕೆನ್ನೆ ಆನಿಸಿದಳು. ಎರಡು ಮೈಲಿ ಕಳೆಯುವುದರೊಳಗೆ ಅವಳಿಗೆ ನಿದ್ದೆ ಹತ್ತಿತ್ತು. ಕನ್ನಡಿಯಲ್ಲಿ ಅದನ್ನು ಕಂಡ ಡ್ವೈಟ್ ದೊಡ್ಡ ರಸ್ತೆ ಬಿಟ್ಟು ಹಳೆಯ ಹೊಲದ ರಸ್ತೆ ಹಿಡಿದು, ನಿಧಾನವಾಗಿ, ಅಂಕಿ ಎಷ್ಟಾಯಿತೆಂದು ನೋಡದೆ, ಅವಳನ್ನು ಮನೆಗೆ ತಂದ.

ಹಾಗೆಂದು ಅವನು ಕಾರನ್ನು ಓಡಿಸಿಕೊಂಡೇನೂ ಹೋಗಲಿಲ್ಲ. ಮೋಡ ಕಟ್ಟಿದೆ ಎಂದು ಟ್ರೇಲರಿಗೇ ಹತ್ತಿಸಿ, ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿದ. "ಜನ್ಮಸ್ವಭಾವ ಕಣೇ" ಎಂದ ಆರ್ವಲ್. ವರ್ಲಾ ಬೀದಿಯ ತಿರುವಿನವರೆಗೆ ಕೈಬೀಸಿ, ಕೂದಲು ತೊಳೆದುಕೊಳ್ಳಲು ಒಳಗೆ ಹೋದಳು.

ಮುಂದಿನ ವಾರ ಖಾಲಿ ಗ್ಯಾರೇಜನ್ನು ಗುಡಿಸಿ, ಮಡಿಸುವ ಮೇಜೊಂದನ್ನು ನಡುವೆ ಹಾಕಿದರು. ಬೇಸಿಗೆಯಲ್ಲಿ ಊರಲ್ಲೇ ತಂಪಾದ ಜಾಗ ಅದು. ಗುರುವಾರ ಮಧ್ಯಾಹ್ನ ಬಾಗಿಲು ಪೂರ್ತಿ ಎತ್ತಿ ನಾಲ್ಕು ಜನ ಇಸ್ಪೀಟಿಗೆ ಕೂರುತ್ತಾರೆ: ವರ್ಲಾ, ನೀವಾ, ಆರ್ವಲ್, ಮತ್ತು ರಜೆಯಿದ್ದರೆ ಚರ್ಚಿನ ಪಾದ್ರಿ. ಪಾದ್ರಿ ಎಲೆ ಕದಿಯುತ್ತಾನೆಂದು ವರ್ಲಾಳ ಗುಮಾನಿ. ಇನ್ನೂ ಕೈಗೆ ಸಿಕ್ಕಿಬಿದ್ದಿಲ್ಲ.