ಪಾಸಿಟಿವ್ ಅಂದ್ರೆ ಕಾಯಿಲೆ ಅಲ್ಲ ಸಾರ್

ಮೆಟ್ರೋಗೆ ಅಂತ ವಿಜಯನಗರದ ರಸ್ತೆ ಅಗೆದಿದ್ದ ಕಾಲ. ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಿತ್ತು. ರಕ್ತಪರೀಕ್ಷೆ ಮುಗಿದರೆ ಸೇರುವುದಷ್ಟೇ ಬಾಕಿ. ಮ್ಯಾನೇಜರು ರಿಪೋರ್ಟ್ ನೋಡಿ, "ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆಯಲ್ಲಮ್ಮ. ಕೆಲಸ ಕೊಡಕ್ಕಾಗಲ್ಲ," ಅಂದರು.

ರಿಪೋರ್ಟ್ ಈಸಿಕೊಂಡು ಓದಿದೆ. ನಗು ಬಂತು.

"ಸಾರ್, ಇಲ್ಲಿ ಎರಡು ಪರೀಕ್ಷೆ ಇದೆ. ಆಂಟಿಜೆನ್ ಅನ್ನೋದು ವೈರಸ್ ಇದೆಯಾ ಅಂತ ನೋಡೋದು. ಅದು ನೆಗೆಟಿವ್. ಪಾಸಿಟಿವ್ ಬಂದಿರೋದು ಆಂಟಿಬಾಡಿ, ಅಂದ್ರೆ ತಡೆಯೋ ಶಕ್ತಿ. ಓದುವಾಗ ಹಾಕಿಸ್ಕೊಂಡ ಲಸಿಕೆ ಕೆಲಸ ಮಾಡಿದೆ ಅಂತ ಅರ್ಥ."

"ಪಾಸಿಟಿವ್ ಅಂದ್ರೆ ಪಾಸಿಟಿವ್ ಕಣಮ್ಮ."

"ಹಾಗಾದ್ರೆ ಡಾಕ್ಟರನ್ನೇ ಕೇಳಿ. ಅಲ್ಲೀವರೆಗೂ ನಾನು ಏಳಲ್ಲ."

ಬೇರೆ ದಾರಿಯಿಲ್ಲದೆ ಡಾಕ್ಟರಮ್ಮನನ್ನು ಕರೆಸಿದರು. ಅವರು ಒಮ್ಮೆ ಕಣ್ಣಾಡಿಸಿ, "ಎಲ್ಲ ನರ್ಸ್‌ಗಳಿಗೂ ಹೀಗೇ ಬರಬೇಕು ಕಣ್ರೀ. ಇವತ್ತೇ ಸೇರಿಸ್ಕೊಳ್ಳಿ," ಅಂದರು.

ಅವರು ಹೋದಮೇಲೆ ಮ್ಯಾನೇಜರು ಮೆಲ್ಲಗೆ, "ನಂಗೂ ಆ ಪಾಸಿಟಿವ್ ಬೇಕಲ್ಲ ಸಿಸ್ಟರ್," ಅಂದರು.

ಅಲ್ಲಿ ನಾನು ಕೊಟ್ಟ ಮೊದಲ ಇಂಜೆಕ್ಷನ್ ಅವರ ತೋಳಿಗೇ. ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಖಂಡಿತ ನೋಯಿಸಲಿಲ್ಲ. ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿ ಉಜ್ಜುವುದನ್ನು ಮಾತ್ರ ಸ್ವಲ್ಪ ಜಾಸ್ತಿ ಹೊತ್ತೇ ಮಾಡಿದೆ.